ಉಪ್ಪಿಗೆ ಬಿದ್ದ ಹೂವು

ರೇಡಿಯೋದಲ್ಲಿ ಘೋಷಣೆಯಾದ ದಿನ
ನಾವು ಏಣಿಗಳ ಹಗ್ಗ ಬಿಗಿಯುತ್ತಿದ್ದೆವು.
ಯಾವುದೋ ಪೇಟೆಯ ಗೊತ್ತುಮಾಡಿದ ಮರದಲ್ಲಿ
ಐದಾರು ಹೂವು ಎಣಿಸಿದ ಮೇಲೆ
ವಸಂತ ಬಂತೆಂದು ಸರಕಾರ ಒಪ್ಪಿಕೊಳ್ಳುತ್ತದೆ.
ಶಿಗೆನೊ ಅತ್ತೆ ತಲೆಯೆತ್ತಲಿಲ್ಲ.
"ಅವರ ವಸಂತ ಅವರಿಗೆ," ಅಂದಳು,
"ನಮ್ಮದಿನ್ನೂ ಮುಷ್ಟಿ ಬಿಚ್ಚಿಲ್ಲ."

ಅತ್ತೆಗೆ ಪಂಚಾಂಗವಿಲ್ಲ, ಮರಗಳಿವೆ.
ಫೆಬ್ರವರಿಯ ಚಳಿಯಲ್ಲೇ ಹಲ್ಲು ಕಿರಿಯುವ ಕಾವಜು,
ಹಸಿರು ಮೆಜಿರೊ ಹಕ್ಕಿ ತಲೆಕೆಳಗಾಗಿ ಜೋತು
ಅದರ ಜೇನು ಹೀರುವ ಹೊತ್ತಿಗೆ
ತೆರಿಗೆಯ ಕಾಗದ ತುಂಬಬೇಕು.
ಹಗಲಿರುಳು ಸಮವಾಗುವ ವಾರ
ಗುಡಿಯ ಹಿಂದಿನ ಮುದಿ ಎದೊಹಿಗನ್;
ಅದರಡಿ ಅವಳ ಅಣ್ಣನ, ಎಂದರೆ ನನ್ನ ಅಪ್ಪನ,
ಕಲ್ಲಿಗೆ ನೀರೆರೆದು, ಪಾಚಿ ಉಜ್ಜಿ ಬಂದರೆ
ಅರ್ಧ ವರ್ಷದ ಮಾತು ಮುಗಿಯಿತು.

ಆಮೇಲೆ ಬರುತ್ತದೆ ಸೊಮೆಯ್ ಯೊಶಿನೊ.
ಬರುವುದೇನು, ಮೈಮೇಲೆ ಬೀಳುತ್ತದೆ:
ಎಲೆಯಿಲ್ಲ, ಪೀಠಿಕೆಯಿಲ್ಲ,
ಊರಿಗೆ ಊರೇ ಒಂದು ಬೆಳಗಿಗೆ ಬೆಳ್ಳಗೆ.
"ಲಕ್ಷ ಮರವಲ್ಲ ಕಣೇ, ಕಸಿಯಿಂದ ಕಸಿಗೆ ದಾಟಿ
ಒಂದೇ ಮರ ಲಕ್ಷ ಕಡೆ ನಿಂತಿದೆ.
ನಾನು ಯಾರನ್ನಂತ ಮಾತಾಡಿಸಲಿ?"
ಬೆಟ್ಟದ ಯಾಮಝಕುರ ಅವಳಿಗೆ ಇಷ್ಟ.
ಬೀಜದಿಂದ ಹುಟ್ಟಿದವು, ಒಂದರಂತೆ ಒಂದಿಲ್ಲ,
ತಾಮ್ರದ ಬಣ್ಣದ ಎಳೆಯೆಲೆ ಜೊತೆಗೇ ಹೊತ್ತು
ಒಂದು ಇವತ್ತು, ಒಂದು ಮುಂದಿನ ಸೋಮವಾರ,
ಮತ್ತೊಂದು, ಸತ್ತೇ ಹೋಯಿತೇನೋ ಅನ್ನುವಷ್ಟರಲ್ಲಿ.

ನಮ್ಮದು ಕನ್‌ಜಾನ್. ಎಲ್ಲರದೂ ಆದ ಮೇಲೆ.
ನೀಲಿ ಚಾಪೆ ಮಡಿಸಿಕೊಂಡು ಜನ ಮನೆಗೆ ಹೋಗಿ
ಚರಂಡಿಯಲ್ಲಿ ದಳಗಳು ಕಂದಿಹೋದ ಮೇಲೆ
ಈ ಮೂವತ್ತು ದಳದ ದಪ್ಪ ಗುಲಾಬಿ ಗೊಂಡೆ.
ಪೂರ್ತಿ ಅರಳಿದರೆ ನಮಗೂ ಬೇಡ;
ಮುಕ್ಕಾಲು ತೆರೆದಾಗ, ಜೋಡಿ ತೊಟ್ಟಿನ ಸಮೇತ,
ಉಗುರು ತಾಗದಂತೆ ಚಿವುಟಬೇಕು.
ಉಪ್ಪು, ಮೇಲೊಂದು ಕಲ್ಲು,
ಉಮೆಯ ಹುಳಿನೀರು, ನೆರಳು, ಮತ್ತೆ ಉಪ್ಪು.
ವರ್ಷವೆಲ್ಲ ನಾನು ಶಾಲೆಯ ಬಸ್ಸು ಓಡಿಸುತ್ತೇನೆ.
ರಜೆ ಹಾಕುವುದು ಈ ಹತ್ತು ದಿನ ಮಾತ್ರ.

ಈ ಸಲ ಸಾಲು ತಪ್ಪಿತು.
ಮೊದಲು ಚಳಿಮಳೆ ಎಲ್ಲವನ್ನೂ ತಡೆದು
ಆಮೇಲೆ ಬೇಸಗೆಯಂಥ ಬಿಸಿಲು ಹಿಂದಿನಿಂದ ನೂಕಿ
ಯೊಶಿನೊ ಉದುರುವ ಮುನ್ನವೇ ಕನ್‌ಜಾನ್ ಕಣ್ಣು ಬಿಟ್ಟಿತು.
ನಮ್ಮ ಏಣಿಗಳ ನಡುವೆ ಕ್ಯಾಮೆರಾಗಳು.
ಒಬ್ಬ ಹುಡುಗ ಬುಡದಲ್ಲಿ ನಿಂತು ಕೂಗಿದ:
"ಹೂ ಕೀಳಬಾರದು ಅಂತ ಬೋರ್ಡಿದೆಯಲ್ಲ ಅಜ್ಜೀ!"
ಅವನ ತಾಯಿ ಬಾಗಿ ಬಾಗಿ ಕ್ಷಮೆ ಕೇಳಿದಳು.

ಎಂಬತ್ತೊಂದರ ಅತ್ತೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಳು.
ಜೇಬಿನ ಪೊಟ್ಟಣದಿಂದ ಸುಕ್ಕಿದ ಒಂದು ಗಂಟು
ಫ್ಲಾಸ್ಕಿನ ಮುಚ್ಚಳಕ್ಕೆ ಹಾಕಿ ಬಿಸಿನೀರು ಹೊಯ್ದಳು.
ಗಂಟು ಸಡಿಲಿತು. ಪಾವಡೆ ಬಿಚ್ಚಿದಂತೆ
ಒಂದೊಂದೇ ದಳ ನೀರಲ್ಲಿ ಸರಿಯಿತು.
"ಇದು ಹೋದ ವರ್ಷದ್ದು," ಅಂದಳು. "ಕುಡಿ."
ಕುಡಿದ. ಮುಖ ಕಿವುಚಿದ.
"ಸಮುದ್ರ!" ಅಂದ.

ಹೆಣ್ಣು ಗಂಡು ಒಪ್ಪಿದ ದಿನ ಇಲ್ಲಿ ಚಹಾ ಕೊಡುವುದಿಲ್ಲ,
ಚಹಾ ಮಾತನ್ನು ಕದಡುತ್ತದಂತೆ.
ಬಟ್ಟಲಿಗೆ ಈ ಹೂವು, ಜೋಡಿ ಬಿಡಿಸದೆ.
ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅನ್ನುತ್ತಾರೆ;
ಅರವತ್ತು ಏಪ್ರಿಲ್ ಉಪ್ಪಿಟ್ಟವಳ ಹೆಸರು
ಯಾವ ಮದುವೆಮನೆಗೂ ಗೊತ್ತಿಲ್ಲ.
ಅವಳಿಗೇಕೆ ಯಾರೂ ಆ ಬಟ್ಟಲು ಕೊಡಲಿಲ್ಲವೆಂದು
ಒಮ್ಮೆ ಕೇಳಿದ್ದೆ. "ತೊಟ್ಟು ನೋಡಿ ಕೀಳು," ಅಂದಿದ್ದಳು.

ಕೊಟ್ಟಿಗೆಯ ಹಿಂದೆ ಜುಗಾತ್ಸು ಒಂದಿದೆ,
ಅಕ್ಟೋಬರಿನಲ್ಲಿ ಅರಳುತ್ತದೆ, ಚಳಿಗೆ ನಿಲ್ಲಿಸಿ
ನೆನಪಾದಾಗ ವಸಂತದಲ್ಲಿ ಇನ್ನಷ್ಟು.
ಯಾವ ಸಾಲಿಗೂ ಸೇರದ್ದು, ಉಪ್ಪಿಗೂ ಆಗದ್ದು.
ಸಂಜೆ ಅತ್ತೆ ತನ್ನ ಒದ್ದೆ ಕೈಚೀಲಗಳನ್ನು
ಅದರ ಕೊಂಬೆಗೇ ಸಿಕ್ಕಿಸುತ್ತಾಳೆ.